ಅವಸರವಿಲ್ಲ ಎಂದ ಮಾತು

ನಮ್ಮ ಕಾರ್ಖಾನೆಯಿಂದ ಮರದ ಪೆಟ್ಟಿಗೆಗಳು ಹೊರಗೆ ಹೋಗುತ್ತವೆ, ಮರಳಿ ಬರುವುದಿಲ್ಲ. ಆದ್ದರಿಂದ ಒಂದು ಸೋಮವಾರ ಬೆಳಿಗ್ಗೆ ಸರಕು ಇಳಿಸುವ ಬಾಗಿಲಿನ ಬಳಿ ನಮ್ಮದೇ ಪೆಟ್ಟಿಗೆಯೊಂದು ಇರುವುದನ್ನು ಕಂಡಾಗ, ಯಾರೋ ಅದನ್ನು ಲಾರಿಗೆ ಏರಿಸಲು ಮರೆತಿದ್ದಾರೆ ಎಂದೇ ನಾನು ಭಾವಿಸಿದೆ. ಹತ್ತಿರ ಹೋದಾಗ ಅದರ ಮೈಮೇಲೆ ಎರಡು ದೇಶಗಳ ಸುಂಕದ ಚೀಟಿಗಳಿದ್ದವು. ಅಡ್ಡಲಾಗಿ ಅಗಲವಾದ ಕೆಂಪು ಪಟ್ಟಿಯನ್ನು ಸುತ್ತಲಾಗಿತ್ತು. ಅದನ್ನು ತೆರೆಯಲು ಯಾರೂ ಮುಂದೆ ಬರಲಿಲ್ಲ. ಕಾವಲಿನವನು ಸಹ ತನ್ನ ಕುರ್ಚಿಯನ್ನು ಸ್ವಲ್ಪ ದೂರ ಸರಿಸಿಕೊಂಡು ಕುಳಿತಿದ್ದ.

ಹೈದರಾಬಾದಿನ ದಕ್ಷಿಣದ ಅಂಚಿನಲ್ಲಿ, ವರ್ತುಲ ರಸ್ತೆಯ ಆಚೆಗಿರುವ ಈ ಕಾರ್ಖಾನೆಯಲ್ಲಿ ನಾವು ವಿಮಾನದ ಬಿಡಿಭಾಗಗಳನ್ನು ತಯಾರಿಸುತ್ತೇವೆ. ಅವು ಹೋಗಿ ಸೇರುವುದು ಸಮುದ್ರದಾಚೆಯ ಒಂದೇ ದೇಶಕ್ಕೆ. ನಮ್ಮ ಮುಂಬಾಗಿಲಿನ ಕಲ್ಲಿನ ಫಲಕದ ಮೇಲೆ ಎರಡು ಬಾವುಟಗಳಿವೆ; ಕೆಳಗೆ 'ದೀರ್ಘಕಾಲದ ಸಹಭಾಗಿತ್ವ' ಎಂದು ಇಂಗ್ಲಿಷಿನಲ್ಲಿ ಕೆತ್ತಲಾಗಿದೆ. ಫಲಕದ ಮೇಲೆ ಅವರು ಸಹಭಾಗಿಗಳು. ಒಳಗೆ, ಯಂತ್ರಗಳ ನಡುವೆ, ಎಲ್ಲರ ಬಾಯಲ್ಲಿ ಅವರು 'ಕಸ್ಟಮರ್'. ಆ ವರ್ಷ ಒಪ್ಪಂದವನ್ನು ಇನ್ನಷ್ಟು ದೀರ್ಘಕಾಲಕ್ಕೆ ವಿಸ್ತರಿಸುವ ಮಾತುಕತೆ ನಡೆದಿತ್ತು. ಸಹಿ ಹಾಕುವ ಸಮಾರಂಭಕ್ಕಾಗಿ ಗೋಡೆಗಳಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ಪೆಟ್ಟಿಗೆ ಬಂದದ್ದು ಆ ಬಣ್ಣದ ವಾಸನೆಯ ನಡುವೆ.

ನಾನು ಗುಣಮಟ್ಟ ವಿಭಾಗದಲ್ಲಿ ಬರವಣಿಗೆಯ ಕೆಲಸ ಮಾಡುತ್ತೇನೆ: ಸೂಚನೆಗಳು, ವರದಿಗಳು, ಸಭೆಯ ಟಿಪ್ಪಣಿಗಳು. ನನ್ನ ತಂದೆ ಕೇಂದ್ರ ಸರ್ಕಾರದ ರಕ್ಷಣಾ ಘಟಕವೊಂದರ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ಕಲಬುರಗಿಯ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ತಪ್ಪಿಲ್ಲದೆ ಬರೆಯುವುದು ನನ್ನ ಗುಣವೆಂದು ಮೇಲಧಿಕಾರಿಗಳು ಹೊಗಳುತ್ತಾರೆ. ಅದು ಗುಣವಲ್ಲ, ಭಯ. ಒಂದು ವಾಕ್ಯವನ್ನು ಕಳುಹಿಸುವ ಮೊದಲು ನಾನು ಅದನ್ನು ಹಲವು ಬಾರಿ ಓದುತ್ತೇನೆ. ಕಳುಹಿಸಿದ ಮೇಲೆ ಇನ್ನೊಮ್ಮೆ ಓದುತ್ತೇನೆ.

ಅದೇ ಕಾರ್ಖಾನೆಯಲ್ಲಿ ನನ್ನ ಅಕ್ಕನ ಗಂಡ ತಪಾಸಣೆಗಾರರಾಗಿದ್ದರು. ಅವರು ಬೆಳಗಾವಿಯವರು, ಅಲ್ಲಿಯೂ ಇದೇ ಕೆಲಸ ಮಾಡಿದವರು, ಮದುವೆಯ ನಂತರ ಇಲ್ಲಿಗೆ ಬಂದರು. ಹಿಮಾಯತ್‌ನಗರದ ಒಳಗಲ್ಲಿಯ ಹಳೆಯ ಮನೆಯೊಂದರ ಕೆಳಗಿನ ಪೋರ್ಷನ್‌ನಲ್ಲಿ ನಾವೆಲ್ಲ ಒಟ್ಟಿಗೆ ಇದ್ದೆವು. ಭಾವನ ಕೆಲಸ ನಡೆಯುತ್ತಿದ್ದದ್ದು ಕತ್ತಲೆ ಕೋಣೆಯಲ್ಲಿ. ವಿಮಾನದ ಬಾಗಿಲಿನ ಕೀಲನ್ನು ಹಿಡಿದಿಡುವ, ಅಂಗೈಯಗಲದ ಅಲ್ಯೂಮಿನಿಯಂ ಬ್ರಾಕೆಟ್‌ಗಳನ್ನು ಮೊದಲು ಹೊಳೆಯುವ ದ್ರವವೊಂದರಲ್ಲಿ ಅದ್ದುತ್ತಾರೆ. ತೊಳೆದು ಒಣಗಿಸಿ, ಮೇಲೊಂದು ಬಿಳಿಯ ಪುಡಿ ಉದುರಿಸುತ್ತಾರೆ. ಬಳಿಕ ಕತ್ತಲೆಯಲ್ಲಿ, ನೇರಳೆ ದೀಪದ ಕೆಳಗೆ, ಒಬ್ಬ ಮನುಷ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಬಿರುಕಿದ್ದರೆ ಅದರೊಳಗೆ ಉಳಿದ ದ್ರವ ಹಸಿರು ಗೆರೆಯಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ಅವನು ತನ್ನ ಮುದ್ರೆಯನ್ನು ಒತ್ತುತ್ತಾನೆ.

ಆ ಮುದ್ರೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸಣ್ಣ ವಸ್ತು. ಆದರೆ ಅದನ್ನು ಕೊಡುವ ಹಕ್ಕು ನಮ್ಮ ಕಂಪನಿಗೆ ಮಾತ್ರ ಇಲ್ಲ. ಆ ದೇಶದವರೂ ಒಪ್ಪಬೇಕು. ಅವರು ಒಮ್ಮೆ ಹಿಂತೆಗೆದುಕೊಂಡರೆ ಈ ವೃತ್ತಿಯಲ್ಲಿ ಬೇರೆಲ್ಲಿಯೂ ಅಂಥವನನ್ನು ತಪಾಸಣೆಗೆ ಕೂರಿಸುವುದಿಲ್ಲ. ಭಾವ ಅದನ್ನು ದಾರಕ್ಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. "ಇದು ಹೋದ್ರ ನಾನೂ ಹೋದಂಗ" ಎಂದು ನಗುತ್ತಾ ಹೇಳುತ್ತಿದ್ದರು.

ಪೆಟ್ಟಿಗೆಯನ್ನು ಮಧ್ಯಾಹ್ನ ತೆರೆದರು. ಒಳಗಿದ್ದ ಬ್ರಾಕೆಟ್‌ಗಳಲ್ಲಿ ಒಂದಕ್ಕೆ ಕೆಂಪು ಚೀಟಿ ಕಟ್ಟಿತ್ತು. ಆ ದೇಶದಲ್ಲಿ ಪೆಟ್ಟಿಗೆಗೆ ಒಂದೆರಡರಂತೆ ಮತ್ತೊಮ್ಮೆ ಪರೀಕ್ಷಿಸುವ ಪದ್ಧತಿಯಿದೆ. ಹಾಗೆ ನೋಡುವಾಗ ಅದರ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಹಸಿರು ಗೆರೆ ಕಂಡಿತ್ತು. ಅದರ ಜೊತೆಗಿದ್ದ ಕಾಗದದ ಮೇಲೆ ಭಾವನ ಮುದ್ರೆಯಿತ್ತು. ಸಂಜೆಯೊಳಗೆ ಗುಣಮಟ್ಟ ವಿಭಾಗದ ಮುಖ್ಯಸ್ಥರು ಭಾವನನ್ನು ಕರೆಸಿ ಮುದ್ರೆಯನ್ನು ತೆಗೆದುಕೊಂಡು ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ರದ್ದಾಗಿಲ್ಲ, ಕಸ್ಟಮರ್ ಬಂದು ನಿರ್ಧರಿಸುವವರೆಗೆ ಮಾತ್ರ, ಎಂದರು.

ಭಾವ ಮರುದಿನವೂ ಕಂಪನಿಯ ಬಸ್ಸಿನಲ್ಲಿ ಬಂದರು. ಮುದ್ರೆಯಿಲ್ಲದವನಿಗೆ ಕತ್ತಲೆ ಕೋಣೆಯೊಳಗೆ ಪ್ರವೇಶವಿಲ್ಲ. ಅದರ ಬಾಗಿಲಿನ ಹೊರಗೆ ಒಂದು ಸ್ಟೂಲಿನ ಮೇಲೆ ಕೆಲಸದ ಅವಧಿ ಮುಗಿಯುವವರೆಗೆ ಕುಳಿತಿದ್ದರು.

ಏನಾಯಿತೆಂಬುದು ಅವರಿಗೇ ತಿಳಿದಿರಲಿಲ್ಲ. ಆ ಬ್ರಾಕೆಟ್‌ಗಳನ್ನು ಅವರು ನೋಡಿದ್ದರು, ಆಗ ಗೆರೆಯಿರಲಿಲ್ಲ, ಮುದ್ರೆ ಒತ್ತಿದ್ದರು. ಬಳಿಕ ಅವುಗಳ ಅಂಚಿನಲ್ಲಿ ಸಣ್ಣ ತರಚುಗಳು ಕಂಡದ್ದರಿಂದ ಉಜ್ಜಿ ನಯಗೊಳಿಸಲು ಪಾಲಿಷ್ ವಿಭಾಗಕ್ಕೆ ಕಳುಹಿಸಿದ್ದರು. ಉಜ್ಜಿದಾಗ ಅಡಗಿದ್ದ ಬಿರುಕು ಹೊರಬೀಳಬಹುದು, ಆದ್ದರಿಂದ ಉಜ್ಜಿದ ಭಾಗ ಮತ್ತೆ ಕತ್ತಲೆ ಕೋಣೆಗೆ ಬರಬೇಕು. ಇವು ಬಂದಿರಲಿಲ್ಲ. ಮೊದಲಿನ ಮುದ್ರೆಯೊಡನೆಯೇ ಪೆಟ್ಟಿಗೆ ಸೇರಿದ್ದವು.

ಆ ವಾರದ ಒಂದು ಸಂಜೆ ಊಟಕ್ಕೆ ಕುಳಿತಿದ್ದೆವು. ಅಕ್ಕ ರೊಟ್ಟಿಯ ಮೇಲೆ ಪುಂಡಿಪಲ್ಯ ಬಡಿಸುತ್ತಿದ್ದಳು. ಭಾವ ಅದೇ ವಿಷಯವನ್ನು ಮತ್ತೆ ಮತ್ತೆ ತಿರುವಿ ಹೇಳುತ್ತಿದ್ದರು.

"ಆ ಪಾಲಿಷ್ ಅಣ್ಣ ಬಂದು ಕೇಳಿದ್ದು ನನಗ ಛಲೋ ನೆನಪೈತಿ. ಮತ್ತ ಡಾರ್ಕ್‌ರೂಮಿಗೆ ತರಬೇಕೇನ್ರಿ ಅಂದ. ನನ್ನ ಕೈಯಾಗ ಬ್ಯಾರೆ ಲಾಟ್ ಇತ್ತು. ಸಾವಕಾಶ ತಾ ಅಂದೆ."

"ತೆಲುಗಿನಾಗ ಅಂದ್ರೋ, ನಿಮ್ಮ ತೆಲುಗಿನಾಗ ಅಂದ್ರೋ?" ಎಂದು ಅಕ್ಕ ಕೇಳಿದಳು.

ಈ ಕುಹಕಕ್ಕೆ ಹಿನ್ನೆಲೆಯಿದೆ. ನಾನೂ ಅಕ್ಕನೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮಾತಾಡುತ್ತ ಬೆಳೆದವರು. ಭಾವ ಇಲ್ಲಿಗೆ ಬಂದಾಗ ಅವರಿಗೆ ತೆಲುಗು ಬರುತ್ತಿರಲಿಲ್ಲ; ಆದರೆ ಅವರು ಅದಕ್ಕೊಂದು ಸುಲಭೋಪಾಯವನ್ನು ಕಂಡುಕೊಂಡಿದ್ದರು. "ಕನ್ನಡ ಶಬ್ದಕ್ಕ ಕೊನೀಗೆ ಒಂದು ಸೊನ್ನಿ ಹಚ್ಚಿಬಿಟ್ರ ತೆಲುಗು ಆತು. ಸಮಯ ಸಮಯಂ, ಕಷ್ಟ ಕಷ್ಟಂ, ಇದಕ್ಕೇನು ಟ್ಯೂಷನ್ ಬೇಕೇನು?" ಎನ್ನುತ್ತಿದ್ದರು. ಬಹಳಷ್ಟು ಸಲ ಅದು ನಡೆಯುತ್ತಿತ್ತು. ತೆಲುಗಿನಲ್ಲಿ ಭೋಜನಂ ಎನ್ನಬೇಕಾದಲ್ಲಿ 'ಊಟಂ ಅಯಿಂದಾ' ಎಂದು ಕೇಳಿದಾಗ ಮಾತ್ರ ಇಡೀ ವಿಭಾಗ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತಂತೆ. "ಇವರು ಹಚ್ಚಿದ ಸೊನ್ನಿ ಎಲ್ಲಾ ಕೂಡಿಸಿದ್ರ ನಾವು ಇಷ್ಟೊತ್ತಿಗೆ ಕೋಟ್ಯಧೀಶ್ವರ ಆಗತಿದ್ವಿ" ಎಂದು ಅಕ್ಕ ನೆರೆಯವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

"ತೆಲುಗಿನಾಗಽ ಅಂದೀನಿ" ಎಂದರು ಭಾವ. "ಅವಸರಂ ಲೇದು, ಅಂತ."

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೆಯೇ ಉಳಿಯಿತು. ಅಕ್ಕನೂ ನನ್ನನ್ನು ನೋಡಿದಳು. ಇಬ್ಬರಿಗೂ ಒಂದೇ ಕ್ಷಣದಲ್ಲಿ ಅದು ಎರಡು ಬಗೆಯಲ್ಲಿ ಕೇಳಿಸಿತ್ತು.

"ಏನಾತು? ಯಾಕ ಹಂಗ ನೋಡಾಕತ್ತೀರಿ ಇಬ್ರೂ?"

ನಾನೇ ಹೇಳಬೇಕಾಯಿತು. "ಭಾವಾ, ನಮ್ಮಲ್ಲಿ ಅವಸರ ಅಂದ್ರ ಗಡಿಬಿಡಿ. ತೆಲುಗಿನಾಗ ಅವಸರಂ ಅಂದ್ರ ಅಗತ್ಯ. ನೀವು ಅವರಿಗೆ ಗಡಿಬಿಡಿ ಇಲ್ಲ ಅಂತ ಹೇಳಿಲ್ರಿ. ತರೂ ಅಗತ್ಯ ಇಲ್ಲ ಅಂತ ಹೇಳೀರಿ."

"ಹಂಗಾರ ಅವನದೇನೂ ತಪ್ಪಿಲ್ಲ" ಎಂದರು ಭಾವ. ಬಳಿಕ ಇನ್ನೂ ತಗ್ಗಿದ ದನಿಯಲ್ಲಿ, "ತಂಗಿ, ಈ ಮಾತು ನಾ ದಿನಾ ಅಂತೀನಲ್ಲ" ಎಂದರು.

ಆ ಕೋಣೆಯಲ್ಲಿ ನಾವು ಮೂವರೂ ಒಂದೇ ಲೆಕ್ಕವನ್ನು ಹಾಕತೊಡಗಿದ್ದೆವು: ಹೀಗೆ ಮರುಪರೀಕ್ಷೆಯಿಲ್ಲದೆ ಎಷ್ಟು ಪೆಟ್ಟಿಗೆಗಳು ಹೋಗಿರಬಹುದು. ಗಲ್ಲಿಯ ಮೇಲಿನ ಆಕಾಶದಲ್ಲಿ ವಿಮಾನವೊಂದು ಸಾಗಿತು. ಬಾಲ್ಯದಿಂದ ಕೇಳುತ್ತಿದ್ದ ಸದ್ದು ಅದು. ಅದು ಪೂರ್ತಿ ಕ್ಷೀಣಿಸುವವರೆಗೂ ನಾವು ತುತ್ತು ಎತ್ತಲಿಲ್ಲ.

ಮರುದಿನ ನಾನು ಮುಖ್ಯಸ್ಥರ ಬಳಿಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ಅವರು ವಿಜಯವಾಡದವರು, ನಮ್ಮೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಕೇಳಿ ಅವರಿಗೆ ಮೊದಲು ನಗು ಬಂತು. ಅನಂತರ ಎದ್ದು ಹೋಗಿ ಬಾಗಿಲು ಮುಚ್ಚಿದರು.

"ಇದನ್ನು ಬೇರೆ ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ ಸರ್."

"ಹೇಳಬೇಡಿ. ಕಸ್ಟಮರ್ ಬರುತ್ತಾರೆ, ನಿಮ್ಮ ಭಾವ 'ಮರುಪರೀಕ್ಷೆ ಮರೆತೆ' ಎನ್ನಲಿ. ಮನುಷ್ಯ ಮರೆಯುತ್ತಾನೆ, ಅದು ಅವರಿಗೂ ಅರ್ಥವಾಗುತ್ತದೆ. ಒಂದು ಎಚ್ಚರಿಕೆ, ಒಂದಷ್ಟು ಮರುತರಬೇತಿ, ಮುದ್ರೆ ವಾಪಸು. ಅಷ್ಟನ್ನು ನಾನು ನೋಡಿಕೊಳ್ಳುತ್ತೇನೆ. ಆದರೆ ಭಾಷೆ ಎಂದರೆ ಮುಗಿಯಿತು. ನಮ್ಮಲ್ಲಿ ತೆಲುಗು, ಹಿಂದಿ, ಒಡಿಯಾ, ನಿಮ್ಮ ಕನ್ನಡ ಎಲ್ಲವೂ ಇವೆ. ಇದುವರೆಗೆ ಹೋದ ಪ್ರತಿ ಪೆಟ್ಟಿಗೆಯ ಬಗ್ಗೆಯೂ ಅವರು ಕೇಳುತ್ತಾರೆ. ಸಹಿ ಹತ್ತಿರ ಬಂದಿದೆ. ಆಗ ಆತನ ಮುದ್ರೆಯ ಬಗ್ಗೆ ನಾನು ಯಾವ ಮಾತನ್ನೂ ಕೊಡಲಾರೆ."

ನಾನು ಅದನ್ನು ಚಾಚೂತಪ್ಪದೆ ಮನೆಯಲ್ಲಿ ಒಪ್ಪಿಸಿದೆ. ಅಕ್ಕನಿಗೆ ಜೀವ ಬಂದಂತಾಯಿತು.

"ಅಷ್ಟಽ ಅಲ್ಲೇನ್ರಿ? ಮರತೆ ಅನ್ನಾಕ ಏನಾಗೈತಿ ನಿಮಗ? ದಿನಾ ಮನ್ಯಾಗ ಮರೀತೀರಲ್ಲ. ಹಾಲು ತರೂದು ಮರೀತೀರಿ, ಗ್ಯಾಸ್ ಬುಕ್ ಮಾಡೂದು ಮರೀತೀರಿ. ಅಲ್ಲೊಂದೀಟು ಮರತ್ರ ನಿಮ್ಮ ಗಂಟೇನ್ ಹೋಗತೈತಿ?"

ಭಾವ ನಗಲಿಲ್ಲ. "ಮರತಿದ್ರ ಒಂದು ಪೆಟಗಿ ಹೋಗಿರತಿತ್ತು. ನಾ ಮರತಿಲ್ಲ, ದಿನಾ ಹಂಗs ಅಂದೀನಿ. ಅದಕ್ಕಽ ಅಂಜಿಕಿ ಬರಾಕತ್ತೈತಿ."

ಸಭೆ ಮಾದಾಪುರದ ನಮ್ಮ ಕೇಂದ್ರ ಕಚೇರಿಯಲ್ಲಿ ನಡೆಯಿತು. ಆ ದೇಶದಿಂದ ಬಂದದ್ದು ಒಬ್ಬ ಮಹಿಳೆ. ಸಹಭಾಗಿತ್ವದ ಮೊದಲ ವರ್ಷಗಳಿಂದಲೂ ಅವರು ಬರುತ್ತಿದ್ದರು. ಕ್ಯಾಂಟೀನಿನಲ್ಲಿ ನಮ್ಮೊಡನೆ ಕುಳಿತು ಉಣ್ಣುತ್ತಿದ್ದರು. ಉಪ್ಪಿನಕಾಯಿಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಆ ದಿನ ಅವರು ಚಹಾವನ್ನೂ ಮುಟ್ಟಲಿಲ್ಲ. ಗಾಜಿನ ಗೋಡೆಯಾಚೆ ಮೆಟ್ರೋ ರೈಲು ಸದ್ದಿಲ್ಲದೆ ಸಾಗುತ್ತಿತ್ತು. ಮೇಜಿನ ಒಂದು ತುದಿಯಲ್ಲಿ ಭಾವ, ಅವರ ಪಕ್ಕದಲ್ಲಿ ಪಾಲಿಷ್ ವಿಭಾಗದ ಆ ಹಿರಿಯರು. ನಲ್ಗೊಂಡದ ಕಡೆಯವರಾದ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಾನು ಟಿಪ್ಪಣಿ ಬರೆದುಕೊಳ್ಳಲು ಮೂಲೆಯಲ್ಲಿದ್ದೆ.

ಏನಾಯಿತೆಂದು ಹೇಳಿ, ಎಂದು ಆ ಮಹಿಳೆ ಭಾವನನ್ನು ಇಂಗ್ಲಿಷಿನಲ್ಲಿ ಕೇಳಿದರು.

ಭಾವ ಮುಖ್ಯಸ್ಥರ ಕಡೆ ನೋಡಿದರು. ಅವರ ಇಂಗ್ಲಿಷ್ ಚುಟುಕು. "ನಾನು ಅವಸರವಿಲ್ಲ ಎಂದೆ. ಇವರಿಗೆ ಅಗತ್ಯವಿಲ್ಲ ಎಂದು ಕೇಳಿಸಿತು. ಪದ ಒಂದೇ" ಎಂದರು.

ಮುಖ್ಯಸ್ಥರ ಪೆನ್ನು ನಿಂತಿತು. ಆ ಮಹಿಳೆ ಯಾರಾದರೂ ವಿವರಿಸಲೆಂದು ಸುತ್ತಲೂ ನೋಡಿದರು. ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. ಎದ್ದು ನಿಂತೆ, ಕುಳಿತೇ ಹೇಳಬಹುದಿತ್ತು. ಪದದ ಎರಡು ಅರ್ಥಗಳನ್ನು ಹೇಳಿದೆ.

"ಇವರಲ್ಲಿ ಯಾರು ಹೇಳುವುದು ಸರಿ?"

"ಇಬ್ಬರೂ ಹೇಳುವುದು ಸರಿ" ಎಂದೆ. ನನ್ನ ವ್ಯಾಕರಣದಲ್ಲಿ ಯಾವ ದೋಷವೂ ಇರಲಿಲ್ಲ. ಅಷ್ಟು ಸರಿಯಾದ ವಾಕ್ಯವೊಂದು ಅಷ್ಟು ಕೆಟ್ಟ ಸುದ್ದಿಯಾಗಬಲ್ಲದೆಂದು ನಾನು ಅಂದುಕೊಂಡಿರಲಿಲ್ಲ.

ಅವರು ಮತ್ತೆ ಭಾವನ ಕಡೆ ತಿರುಗಿದರು. "ಈ ಮಾತನ್ನು ನೀವು ಆಡಿದ್ದು ಅದೊಂದೇ ಸಲವೇ?"

ಮುಖ್ಯಸ್ಥರು ಏನೋ ಹೇಳಲು ಮುಂದೆ ಬಾಗಿದರು. ಅದಕ್ಕೆ ಮೊದಲೇ ಭಾವ ಉತ್ತರಿಸಿದ್ದರು. "ಇಲ್ಲ ಮೇಡಂ. ಪ್ರತಿದಿನ."

ಯಾರೂ ದನಿ ಏರಿಸಲಿಲ್ಲ. ಅವರು ಕೋಪಿಸಿಕೊಂಡಿದ್ದರೆ ಸಮಾಧಾನವಾಗುತ್ತಿತ್ತೇನೋ. ಅವರು ತಮ್ಮ ಗಣಕವನ್ನು ತೆರೆದು, ಭಾವ ಕೆಲಸಕ್ಕೆ ಸೇರಿದಂದಿನಿಂದ ಕತ್ತಲೆ ಕೋಣೆಯನ್ನು ದಾಟಿ ಹೋದ ಪೆಟ್ಟಿಗೆಗಳೆಲ್ಲ ಯಾವ ಯಾವ ವಿಮಾನಗಳನ್ನು ಸೇರಿವೆಯೆಂದು ಹುಡುಕಿಸಲು ತಮ್ಮವರಿಗೆ ಬರೆಯತೊಡಗಿದರು. ಬೆರಳುಗಳ ಸದ್ದೊಂದೇ ಬಹಳ ಹೊತ್ತು ಕೇಳುತ್ತಿತ್ತು.

ಲಿಫ್ಟಿನ ಬಳಿ ಪಾಲಿಷ್ ವಿಭಾಗದ ಹಿರಿಯರು ಭಾವನ ಮುಂದೆ ನಿಂತರು. "ನೇನು ಅಡಿಗಿನ ಗದಾ ಸಾರ್" ಎಂದರು. ನಾನು ಕೇಳಿದ್ದೆನಲ್ಲ ಸರ್, ಎಂದಷ್ಟೇ. ಭಾವ ತಲೆಯಾಡಿಸಿದರು. ಅದುವರೆಗೆ ಅವರಿಬ್ಬರೂ ಮಧ್ಯಾಹ್ನ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಆಮೇಲೆ ಆ ಹಿರಿಯರು ಡಬ್ಬಿಯನ್ನು ಎತ್ತಿಕೊಂಡು ಕೈತೊಳೆಯುವ ನಲ್ಲಿಗಳ ಪಕ್ಕದ ಬೆಂಚಿಗೆ ಹೋಗತೊಡಗಿದರು.

ಒಬ್ಬನನ್ನು ಶಿಕ್ಷಿಸಿ ಮುಗಿಸುವುದು ತಮ್ಮ ಪದ್ಧತಿಯಲ್ಲ ಎಂದು ಆ ದೇಶದಿಂದ ಉತ್ತರ ಬಂತು. ಎಲ್ಲ ತಪಾಸಣೆಗಾರರ ಮುದ್ರೆಗಳನ್ನೂ ಸಂಗ್ರಹಿಸಿ, ಎಲ್ಲರನ್ನೂ ಮತ್ತೆ ಪರೀಕ್ಷೆಗೆ ಕೂರಿಸಿದರು. ಯಂತ್ರಗಳ ನಡುವೆ ಬಾಯಿಮಾತಿನ ಸೂಚನೆಗಳನ್ನು ನಿಷೇಧಿಸಿದರು. 'ಮರುಪರೀಕ್ಷೆಗೆ' ಎಂಬುದಕ್ಕೆ ಹಳದಿ ಕಾರ್ಡು, 'ಪೆಟ್ಟಿಗೆಗೆ' ಎಂಬುದಕ್ಕೆ ನೀಲಿ ಕಾರ್ಡು. ಅವುಗಳ ಮೇಲಿನ ಇಂಗ್ಲಿಷ್ ಪದಗಳನ್ನು ಆಯ್ದವಳು ನಾನು. ಮಾತಾಡುವ ಅಗತ್ಯ ಬಿದ್ದರೆ ಇಂಗ್ಲಿಷ್ ಮಾತ್ರ. ಹಾಸ್ಯ ಮಾಡುವಷ್ಟು ಇಂಗ್ಲಿಷ್ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಅಷ್ಟು ದೊಡ್ಡ ಶೆಡ್ಡಿನಲ್ಲಿ ಯಂತ್ರಗಳ ಸದ್ದು ಮಾತ್ರ ಉಳಿಯಿತು. ಎದುರಾದವರು ಒಬ್ಬರಿಗೊಬ್ಬರು ಕಾರ್ಡು ತೋರಿಸಿ ಮುಂದೆ ಸಾಗುತ್ತಿದ್ದರು.

ಆಗಾಗ ಆ ದೇಶದಿಂದ ಒಂದು ಸಾಲಿನ ಸಂದೇಶಗಳು ಬರುತ್ತಿದ್ದವು. ಇಂಥ ವಿಮಾನದ ಬಾಗಿಲನ್ನು ಬಿಚ್ಚಿ ನೋಡಲಾಗಿದೆ, ಏನೂ ಕಂಡುಬಂದಿಲ್ಲ. ಅವುಗಳನ್ನು ಜೋಡಿಸಿಡುವುದು ನನ್ನ ಕೆಲಸ. ಭಾವ ಪ್ರತಿ ಸಂಜೆ ಬಸ್ಸಿನಲ್ಲಿ, ಏನನ್ನೂ ಕೇಳದೆ, ನನ್ನ ಮುಖ ನೋಡುತ್ತಿದ್ದರು. ಬಂದಿದ್ದರೆ ನಾನು ತಲೆಯಾಡಿಸುತ್ತಿದ್ದೆ. ಕೆಲವು ವಿಮಾನಗಳ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಅವು ಹಾರುತ್ತಿವೆ.

ಭಾವ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಹೊಸ ಸಂಖ್ಯೆಯ ಮುದ್ರೆ ಅವರ ಕೈಗೆ ಬಂದ ದಿನ ಅಕ್ಕ ಹೋಳಿಗೆ ಮಾಡಿದ್ದಳು. ಮುಖ್ಯಸ್ಥರು ಸಹ, ದೊಡ್ಡ ಗಂಡಾಂತರ ತಪ್ಪಿತು, ಎಂದರು. ಸಹಿಯ ದಿನ ಗೊತ್ತಾಗಿತ್ತು. ಅದಕ್ಕೆ ಮುನ್ನ ಬ್ರಾಕೆಟ್‌ಗಳ ಒಂದು ಪೆಟ್ಟಿಗೆ ಹೋಗಬೇಕಿತ್ತು. ಅದು ತಲುಪಿ ಅಲ್ಲಿನ ಪರೀಕ್ಷೆಯನ್ನು ಗೆಲ್ಲಬೇಕಿತ್ತು.

ಆ ಪೆಟ್ಟಿಗೆಯ ಕೆಲಸ ನಡೆದಿದ್ದ ಮಧ್ಯಾಹ್ನ ನಾನು ಹೊಸ ಕಾರ್ಡುಗಳನ್ನು ತೆಗೆದುಕೊಂಡು ಕತ್ತಲೆ ಕೋಣೆಗೆ ಹೋದೆ. ಒಳಗೆ ಕಾಲಿಟ್ಟವರು ಕಣ್ಣು ಹೊಂದಿಕೊಳ್ಳುವವರೆಗೆ ಅಲುಗಾಡದೆ ನಿಲ್ಲಬೇಕು. ನಿಧಾನವಾಗಿ ಭಾವನ ಕೈಗಳು ಕಂಡವು. ಆಮೇಲೆ ಅವರ ಕೈಯಲ್ಲಿದ್ದ ಬ್ರಾಕೆಟ್. ಅವರು ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದರೆಂದು ಅವರ ಭುಜದ ಬಿಗಿತವೇ ಹೇಳುತ್ತಿತ್ತು.

"ತಂಗಿ, ಇಲ್ಲಿ ನೋಡು. ತೂತಿನ ಬಾಜೂಕ. ಹಸರು ಗೆರಿ ಕಾಣಸತೈತೇನು?"

ನಾನು ಬಾಗಿ ನೋಡಿದೆ. ನೇರಳೆ ಬೆಳಕಿನಲ್ಲಿ ಲೋಹ ಕಪ್ಪಗೆ ಕಾಣುತ್ತಿತ್ತು. "ನನಗೇನೂ ಕಾಣವಲ್ದು ಭಾವಾ."

"ಸರಿಯಾಗಿ ನೋಡು."

"ಇಲ್ರಿ."

ಅವರು ಅದನ್ನು ತೊಳೆದು, ಎಲ್ಲ ಹಂತಗಳನ್ನೂ ಮೊದಲಿನಿಂದ ಮಾಡಿಸಿದರು. ಮತ್ತೆ ನೋಡಿದರು. ಮತ್ತೆ ಪಕ್ಕಕ್ಕಿಟ್ಟರು. ಉಳಿದವೆಲ್ಲವೂ ಅವರ ಕೈಯಲ್ಲಿ ಸಲೀಸಾಗಿ ದಾಟಿದ್ದವು. ಈ ಒಂದೇ ಒಂದು ನಿಂತಿತು. ಹೊರಗೆ ಲಾರಿ ಕಾಯುತ್ತಿತ್ತು. ಸುದ್ದಿ ಹೋಗಿ ಮುಖ್ಯಸ್ಥರೇ ಬಂದರು; ಕತ್ತಲೆಗೆ ಕಣ್ಣು ಹೊಂದಿಸಿಕೊಂಡು, ಬ್ರಾಕೆಟ್ಟನ್ನು ಎಲ್ಲ ಬದಿಗೂ ತಿರುಗಿಸಿ ನೋಡಿದರು.

"ಏನೂ ಇಲ್ಲ. ನಿಮಗೆ ಆಯಾಸವಾಗಿದೆ. ಇಷ್ಟು ದಿನ ನಡೆದದ್ದು ಯಾರ ಕಣ್ಣನ್ನಾದರೂ ಕೆಡಿಸುತ್ತದೆ. ಒತ್ತಿಬಿಡಿ."

"ನನಗ ಕಾಣಸತೈತ್ರಿ" ಎಂದರು ಭಾವ. ಇಂಗ್ಲಿಷ್ ಮಾತ್ರ ಎಂಬ ನಿಯಮ ಮುಖ್ಯಸ್ಥರ ಮುಂದೆಯೂ ಅವರಿಗೆ ನೆನಪಾಗಲಿಲ್ಲ. ಮುಖ್ಯಸ್ಥರು ನನ್ನ ಕಡೆ ತಿರುಗಿದರು. ನಾನು ಅನುವಾದಿಸಿದೆ.

"ಹಾಗಾದರೆ ಇನ್ನೊಬ್ಬರು ನೋಡಲಿ. ಆದರೆ ಒಂದು ಮಾತು. ಬೇರೆಯವರಿಗೆ ಕಾಣದ್ದು ಕಾಣುವವರ ಕೈಯಲ್ಲಿ ನಾನು ಮುದ್ರೆ ಇಡಲಾರೆ. ಇಡಲು ಕಸ್ಟಮರ್ ಕೂಡ ಒಪ್ಪುವುದಿಲ್ಲ."

ಅಷ್ಟು ಕತ್ತಲೆಯಲ್ಲಿ ಯಾರ ಮುಖವೂ ನನಗೆ ಸ್ಪಷ್ಟವಾಗಿ ಕಾಣಲಿಲ್ಲ. ಭಾವ ಬ್ರಾಕೆಟ್ಟನ್ನು ಇನ್ನೊಮ್ಮೆ ದೀಪದ ಕೆಳಗೆ ಹಿಡಿದರು. ಕಾಣದಿರಲಿ ಎಂದು ಬೇಡಿಕೊಳ್ಳುತ್ತಿದ್ದರೇನೋ. ಬಳಿಕ ಅದನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಸೊಂಟದ ದಾರವನ್ನು ಬಿಚ್ಚಿ, ಮುದ್ರೆಯನ್ನು ಅದರ ಪಕ್ಕದಲ್ಲಿಟ್ಟರು.

ಅಕ್ಕ ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. "ಒಂದು ಸಲ ಕಾಣಸತೈತಿ ಅಂತ ನೀನೂ ಅಂದಿದ್ರ ಏನಾಗತಿತ್ತು?" ಎಂದು ಆಮೇಲೆ ಕೇಳಿದಳು. ಕಾಣದಿದ್ದದ್ದನ್ನು ಹೇಗೆ ಹೇಳಲಿ, ಎಂದೆ. ಭಾವ ಈಗ ಗಚ್ಚಿಬೌಲಿಯ ದೊಡ್ಡ ವಸತಿ ಸಮುಚ್ಚಯವೊಂದರಲ್ಲಿ ಲಿಫ್ಟುಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಅವರ ತೆಲುಗು ಸುಧಾರಿಸಿದೆ. ಪ್ರತಿ ಪದದ ಮುಂದೆಯೂ ಒಂದು ಕ್ಷಣ ತಡೆದು ಮಾತಾಡುತ್ತಾರೆ. ಒಪ್ಪಂದಕ್ಕೆ ಸಹಿಯಾಯಿತು. ನಾನು ಅದೇ ಮೇಜಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ಆ ಬ್ರಾಕೆಟ್ಟನ್ನು ಅಂದೇ ಸಂಜೆ ಇನ್ನಿಬ್ಬರು ತಪಾಸಣೆಗಾರರು ನೋಡಿದರು. ಇಬ್ಬರಿಗೂ ಏನೂ ಕಾಣಲಿಲ್ಲ. ಅದೂ ಆ ಪೆಟ್ಟಿಗೆಯಲ್ಲೇ ಹೋಯಿತು.